ಹಳೇ ನಂಬರಿಗೆ ಬಂದ ಕೋಡ್

ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತಿದ್ದೆ. ಕುಶಾಲನಗರದಿಂದ ದೊಡ್ಡಮ್ಮನ ಮಗಳು ಫೋನ್ ಮಾಡಿದಳು.

"ಅಲ್ಲ ಕಣೇ, ನಿನ್ನ ವಾಟ್ಸಾಪ್‌ನಲ್ಲಿ ಯಾರೋ ಮೀಸೆಯವರ ಫೋಟೋ ಇದೆಯಲ್ಲ, ಯಾರದು?"

ನನಗೆ ಅರ್ಥವಾಗಲಿಲ್ಲ. ನನ್ನ ವಾಟ್ಸಾಪ್‌ನಲ್ಲಿರುವುದು ನಮ್ಮ ಮನೆಯ ಅಂಗಳದ ಫೋಟೋ. ಆಮೇಲೆ ಗೊತ್ತಾಯಿತು, ಅವಳು ನೋಡಿದ್ದು ನನ್ನ ಹಳೇ ನಂಬರ್. ಹನ್ನೊಂದು ವರ್ಷ ಇಟ್ಟುಕೊಂಡಿದ್ದ ನಂಬರ್ ಅದು. ನಮ್ಮ ಶಾಂತಳ್ಳಿ ಕಡೆ ಅದಕ್ಕೆ ರೇಂಜ್ ಸಿಗದಂತಾದ ಮೇಲೆ ಬೇರೆ ಸಿಮ್ ತೆಗೆದುಕೊಂಡೆ. ಹಳೇದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿಟ್ಟೆ. ರೀಚಾರ್ಜ್ ಮಾಡಲಿಲ್ಲ. ಅದು ಅಲ್ಲೇ ಬಂದ್ ಆಯಿತು.

ಬಂದ್ ಆದ ನಂಬರ್ ಹಾಗೇ ಖಾಲಿ ಉಳಿಯುವುದಿಲ್ಲ. ಬಂದ್ ಆದ ಮೇಲೆ 90 ದಿನ ಅದನ್ನು ಯಾರಿಗೂ ಕೊಡುವ ಹಾಗಿಲ್ಲ, ಅದಾದ ಮೇಲೆ ಕೊಡಬಹುದು. 2023ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಈ ಮಾತನ್ನು ಸುಪ್ರೀಂ ಕೋರ್ಟಿಗೇ ಹೇಳಿದೆ. ನನ್ನ ನಂಬರ್ ಕೂಡ ಹಾಗೇ ಇನ್ನೊಬ್ಬರ ಕೈಗೆ ಹೋಗಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ. ಬ್ಯಾಂಕಿನಲ್ಲಿ ನಾನು ಹೊಸ ನಂಬರ್ ಕೊಟ್ಟಿದ್ದೆ. ಆಧಾರ್‌ಗೂ ಹೋಗಿ ಬದಲಿಸಿ ಬಂದಿದ್ದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಅವತ್ತು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಮೇಲ್!

ಎದ್ದು ಫೋನಿನಲ್ಲಿ ಖಾತೆಯ ಸೆಟ್ಟಿಂಗ್ಸ್ ತೆರೆದೆ. ಪಾಸ್‌ವರ್ಡ್ ಮರೆತರೆ ಕೋಡ್ ಹೋಗಬೇಕಾದ ನಂಬರ್, ಅಂದರೆ ರಿಕವರಿ ಫೋನ್, ಅದೇ ಹಳೇ ನಂಬರ್. ನನ್ನ ಮೇಲ್ ವಿಳಾಸ ಹಾಕಿ 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಯಾರು ಒತ್ತಿದರೂ ಕೋಡ್ ಹೋಗುವುದು ಆ ಮೀಸೆಯವರ ಫೋನಿಗೆ. ಕೋಡ್ ಒಂದೇ ಸಾಕು ಅಂತಲ್ಲ, ಬೇರೆ ಪ್ರಶ್ನೆಯನ್ನೂ ಕೇಳಬಹುದು. ಆದರೂ ಕದದ ಅಗುಳಿ ತೆಗೆದಿಟ್ಟ ಹಾಗಾಯಿತಲ್ವಾ?

ಈ ಮೇಲ್ ಬಗ್ಗೆ ನನಗೆ ಅಷ್ಟು ಚಿಂತೆ ಯಾಕೆ ಅಂತ ಹೇಳಬೇಕು.

ಅದನ್ನು ಮಾಡಿಕೊಂಡದ್ದು 2006ರಲ್ಲಿ, ಸೋಮವಾರಪೇಟೆಯ ಒಂದು ಸೈಬರ್ ಸೆಂಟರಿನಲ್ಲಿ. ಆಗ ಜಿಮೇಲ್ ಸುಮ್ನೆ ಕೇಳಿದರೆ ಸಿಗುತ್ತಿರಲಿಲ್ಲ, ಇದ್ದವರು ಯಾರಾದರೂ ಆಹ್ವಾನ ಕಳಿಸಬೇಕಿತ್ತು. ಎಲ್ಲರಿಗೂ ತೆರೆದದ್ದು 2007ರ ಫೆಬ್ರವರಿಯಲ್ಲಿ. ಬೆಂಗಳೂರಿನ ಗೆಳತಿ ಆಹ್ವಾನ ಕಳಿಸಿದ್ದಳು. ತಮ್ಮ ಆಗಷ್ಟೇ ಮಸ್ಕತ್‌ಗೆ ಹೋಗಿದ್ದ. ಅವನಿಗೆ ಬರೆಯಲು ಅಪ್ಪನಿಗೊಂದು ದಾರಿ ಬೇಕಿತ್ತು. ಹಾಗಾಗಿ ಖಾತೆ ನನ್ನ ಹೆಸರಿನಲ್ಲಿದ್ದರೂ ಬಳಸಿದ್ದು ಹೆಚ್ಚಾಗಿ ಅಪ್ಪ.

ಅಪ್ಪ ಮಳೆ ಲೆಕ್ಕ ಇಡುತ್ತಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದಲ್ಲ. ಅಂಗಳದಲ್ಲಿ ಮಳೆಮಾಪಕ, ಬೆಳಗ್ಗೆ ಎಂಟಕ್ಕೆ ನೋಡುವುದು, ಪುಸ್ತಕದಲ್ಲಿ ಬರೆಯುವುದು. ಇಂಚು ಮತ್ತು ಸೆಂಟ್, ನೂರು ಸೆಂಟಿಗೆ ಒಂದು ಇಂಚು. ಸಂತೆಗೆ ಹೋದಾಗ ಅಪ್ಪ ಸೈಬರ್ ಸೆಂಟರಿಗೂ ಹೋಗಿ ವಾರದ ಲೆಕ್ಕವನ್ನು ತಮ್ಮನಿಗೆ ಟೈಪ್ ಮಾಡುತ್ತಿದ್ದರು. ಒಂದೇ ಬೆರಳಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ. "ಸೋಮವಾರ 4 ಇಂಚು 35 ಸೆಂಟ್. ಮಂಗಳವಾರ 2 ಇಂಚು 10. ಹಿತ್ತಿಲ ಹಲಸಿನ ಮರ ಬಿತ್ತು. ಅಮ್ಮ ಚೆನ್ನಾಗಿದ್ದಾಳೆ." ಅಷ್ಟೇ ಇರುತ್ತಿತ್ತು. ಹೂಮಳೆ ಬಂದ ವಾರ ಮಾತ್ರ ಎರಡು ಸಾಲು ಜಾಸ್ತಿ. ಕಾಫಿ ಹೂ ಹೇಗೆ ಬಿಟ್ಟಿದೆ, ತೋಟದ ಯಾವ ಪಟ್ಟಿಗೆ ಮಳೆ ಸಾಲಲಿಲ್ಲ, ಎಲ್ಲಿ ಸ್ಪ್ರಿಂಕ್ಲರ್ ಹಾಕಬೇಕು.

ಪುಸ್ತಕಗಳು ಉಳಿಯಲಿಲ್ಲ. ಎರಡು ಗೆದ್ದಲಿನ ಪಾಲಾದವು. ಉಳಿದವು ಬೂಷ್ಟು ಹಿಡಿದು ಹಾಳೆಗೆ ಹಾಳೆ ಅಂಟಿಕೊಂಡಿವೆ, ಬಿಡಿಸಲು ಹೋದರೆ ಹರಿಯುತ್ತವೆ. ಅಪ್ಪ ಈಗಿಲ್ಲ. ಹನ್ನೆರಡು ವರ್ಷದ ಮಳೆ ಇರುವುದು ಆ ಮೇಲ್ ಪೆಟ್ಟಿಗೆಯಲ್ಲಿ ಮಾತ್ರ. ಕೊನೆಯದು 2018ರ ಆಗಸ್ಟ್‌ನದು. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳೇ ಜಾರಿದ ತಿಂಗಳು. ಅಪ್ಪ ಬರೆದಿದ್ದಾರೆ: "ಮಾಪಕ ತುಂಬಿ ಹೊರಗೆ ಹರಿದಿದೆ. ಲೆಕ್ಕ ಸಿಗಲಿಲ್ಲ. ನಾವು ಕ್ಷೇಮ."

ಈ ಖಾತೆ ಹೋದರೆ ಇನ್ನೊಂದು ಮಾಡಿಕೊಂಡರಾಯಿತು ಅಂತ ಹೇಳುವವರಿಗೆ ನನ್ನಲ್ಲಿ ಇರುವ ಉತ್ತರ ಇದು.

ಬೆಳಗ್ಗೆ ಎದ್ದವಳೇ ನನ್ನದೇ ಹಳೇ ನಂಬರಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ಎತ್ತಿದವರು ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವವರು. ವಿಷಯ ಹೇಳಿದೆ.

"ಓ, ನೀವೇನಾ ಅಕ್ಕ? ನಿಮ್ಮನ್ನು ಕೇಳಿಕೊಂಡು ಎಷ್ಟು ಜನ ಫೋನ್ ಮಾಡಿದ್ದಾರೆ ಗೊತ್ತಾ! ಮದುವೆಗೆಲ್ಲ ಕರೆದಿದ್ದಾರೆ."

"ಮೆಸೇಜಿನಲ್ಲಿ ಕೋಡ್ ಏನಾದರೂ ಬಂದಿತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. ಹುಡುಕುತ್ತಿದ್ದರು ಅಂತ ಕಾಣುತ್ತದೆ. "ಬಂದಿದೆ ಅಕ್ಕ. ಗೂಗಲ್‌ನದು. ಫೆಬ್ರವರಿಯಲ್ಲಿ ಎರಡು, ಏಪ್ರಿಲ್‌ನಲ್ಲಿ ಒಂದು. ನನಗೆ ಅರ್ಥವಾಗಲಿಲ್ಲ, ಹಾಗೇ ಬಿಟ್ಟೆ."

ಆ ಕೋಡ್‌ಗಳನ್ನು ಕೇಳಿದ್ದು ನಾನಲ್ಲ. ನನ್ನ ಖಾತೆಯ ಬಾಗಿಲನ್ನು ಮೂರು ಸಲ ಯಾರೋ ಅಲ್ಲಾಡಿಸಿ ನೋಡಿದ್ದಾರೆ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ನಂಬರ್ ಒಳ್ಳೆಯವರ ಕೈಗೆ ಸಿಕ್ಕಿತ್ತು, ಅದು ನನ್ನ ಪುಣ್ಯ.

ಮೈಸೂರಿನಲ್ಲಿ ಓದುತ್ತಿರುವ ಮಗಳಿಗೆ ಹೇಳಿದೆ. "ಅಮ್ಮ, ಫೋನಿನಲ್ಲಿ ಬೇಡ, ಲ್ಯಾಪ್‌ಟಾಪ್ ತೆಗೆದುಕೊಂಡು ಕೂತ್ಕೊ. ಕೆಲವು ಸೆಟ್ಟಿಂಗ್ ಫೋನಿನ ಆ್ಯಪ್‌ನಲ್ಲಿ ಕಾಣಿಸೋದೇ ಇಲ್ಲ" ಅಂದಳು. ಅವಳು ಹೇಳಿದ್ದು ಎಷ್ಟು ಸರಿ ಅಂತ ಮಾರನೇ ದಿನ ಗೊತ್ತಾಯಿತು. ಮೂರು ಸಂಜೆ ಹಿಡಿಯಿತು ಈ ಕೆಲಸ. ನಡುವೆ ಕರೆಂಟ್ ಹೋಗುತ್ತಿತ್ತು.

ಮೊದಲು ರಿಕವರಿ ನಂಬರ್ ಬದಲಿಸಿದೆ. ಹೊಸ ನಂಬರ್ ಹಾಕಿದ ಕೂಡಲೇ ಹಳೇದು ಪೂರ್ತಿ ಬಿಟ್ಟುಹೋಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಇನ್ನೂ 7 ದಿನ ಹಳೇ ನಂಬರಿಗೂ ಕೋಡ್ ಹೋಗಬಹುದು. ಇದಕ್ಕೆ ಕಾರಣ ಇದೆ. ಕಳ್ಳ ಒಳಗೆ ಬಂದರೆ ಮೊದಲು ಮಾಡುವ ಕೆಲಸ ಈ ನಂಬರನ್ನು ತನ್ನದಕ್ಕೆ ಬದಲಿಸುವುದು. ಆಗ ನಿಜವಾದ ಮಾಲೀಕರಿಗೆ ಒಂದು ವಾರ ಹಳೇ ದಾರಿಯಲ್ಲಿ ವಾಪಸು ಬರಲು ಅವಕಾಶ ಇರಲಿ ಅಂತ. ನನ್ನ ವಿಷಯದಲ್ಲಿ ಅದು ಉಲ್ಟಾ ಹೊಡೆಯಿತು, ಯಾಕೆಂದರೆ ಹಳೇ ನಂಬರೇ ಬೇರೆಯವರದು. ರೈಟರಿಗೆ ಮತ್ತೆ ಫೋನ್ ಮಾಡಿದೆ. "ಒಂದು ವಾರ ಕೋಡ್ ಬಂದರೆ ಯಾರು ಕೇಳಿದರೂ ಹೇಳಬೇಡಿ. ನಾನೇ ಅಂತ ಫೋನ್ ಮಾಡಿ ಕೇಳಿದರೂ ಹೇಳಬೇಡಿ" ಅಂದೆ. "ಆಗಲಿ ಅಕ್ಕ, ವಾರ ಕಳೆದ ಮೇಲೆ ನಾನೇ ಫೋನ್ ಮಾಡ್ತೇನೆ" ಅಂದರು.

ರಿಕವರಿ ಮೇಲ್ ಅಂತ ಇನ್ನೊಂದು ಇರುತ್ತದೆ. ನಾನು ಕೊಟ್ಟಿದ್ದದ್ದು ಕಾಲೇಜಿನ ದಿನಗಳಲ್ಲಿ ಬೇರೊಂದು ಕಂಪನಿಯಲ್ಲಿ ಮಾಡಿಕೊಂಡ ವಿಳಾಸ. ಅದನ್ನು ತೆರೆಯಲು ಹೋದರೆ ಅಂಥ ಖಾತೆಯೇ ಇಲ್ಲ ಅಂತ ಬಂತು. ಬಳಸದೆ ಬಿಟ್ಟ ಖಾತೆಗಳನ್ನು ಕಂಪನಿಗಳು ಅಳಿಸುತ್ತವೆ. ಜಿಮೇಲ್ ಕೂಡ ಹಾಗೇ, ಎರಡು ವರ್ಷ ಮುಟ್ಟದ ಖಾತೆಗಳನ್ನು ತೆಗೆಯುವುದಾಗಿ 2023ರ ಮೇನಲ್ಲಿ ಹೇಳಿ ಡಿಸೆಂಬರಿನಿಂದ ಜಾರಿಗೆ ತಂದಿತು. ಅಳಿಸಿದ ವಿಳಾಸವನ್ನು ಕೆಲವು ಕಡೆ ಇನ್ನೊಬ್ಬರು ತೆಗೆದುಕೊಳ್ಳಬಹುದು. 2013ರಲ್ಲಿ ಯಾಹೂ, ವರ್ಷದಿಂದ ಬಳಸದ ಐಡಿಗಳನ್ನು ಹೊಸಬರಿಗೆ ಕೊಡುತ್ತೇವೆ ಅಂತ ತಾನೇ ಪ್ರಕಟಿಸಿತ್ತು. ಅಂದರೆ ಸತ್ತ ಮೇಲ್ ವಿಳಾಸಕ್ಕೂ ಸತ್ತ ಸಿಮ್‌ಗೂ ವ್ಯತ್ಯಾಸ ಇಲ್ಲ. ಅದನ್ನು ತೆಗೆದು ತಮ್ಮನ ವಿಳಾಸ ಹಾಕಿದೆ.

ಪಾಸ್‌ವರ್ಡ್ ಬಗ್ಗೆ ಬರೆಯಲು ಈಗ ಅಡ್ಡಿಯಿಲ್ಲ, ಅದು ಹೋಗಿದೆ. ಅಪ್ಪನಿಗೆ ನೆನಪಿರಲಿ ಅಂತ ಊರಿನ ಹೆಸರು ಮತ್ತು ನಮ್ಮ ಜಾಗದ ಸರ್ವೆ ನಂಬರ್ ಸೇರಿಸಿ ಇಟ್ಟಿದ್ದೆ. ಅಪ್ಪನಿಗೆ ಆ ನಂಬರ್ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಸರ್ವೆ ನಂಬರ್ ಗುಟ್ಟಿನ ವಿಷಯವೇ? ಪಹಣಿಯಲ್ಲಿದೆ. ಭೂಮಿ ವೆಬ್‌ಸೈಟಿನಲ್ಲಿ ತಾಲೂಕು, ಹೋಬಳಿ, ಗ್ರಾಮ ಆರಿಸಿ ಯಾರು ಬೇಕಾದರೂ ನೋಡಬಹುದು. ಊರಿನವರಿಗಂತೂ ಬಾಯಿಪಾಠ. ಅಪ್ಪ ಅದನ್ನು ಸೈಬರ್ ಸೆಂಟರಿನ ಹುಡುಗನಿಗೂ ಹೇಳಿ ಟೈಪ್ ಮಾಡಿಸುತ್ತಿದ್ದರು. ಅದೇ ಪಾಸ್‌ವರ್ಡನ್ನು ನಾನು ಇನ್ನೂ ನಾಲ್ಕೈದು ಕಡೆ ಹಾಕಿದ್ದೆ.

ಮಗಳು ಒಂದು ಸೈಟ್ ತೋರಿಸಿದಳು, ಹ್ಯಾವ್ ಐ ಬೀನ್ ಪೋನ್ಡ್ ಅಂತ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಎಂಬವರು 2013ರಲ್ಲಿ ಶುರು ಮಾಡಿದ್ದು. ಮೇಲ್ ವಿಳಾಸ ಹಾಕಿದರೆ ಅದು ಯಾವ ಯಾವ ಮಾಹಿತಿ ಸೋರಿಕೆಯಲ್ಲಿ ಸಿಕ್ಕಿಬಿದ್ದಿದೆ ಅಂತ ಹೇಳುತ್ತದೆ. ನನ್ನದು ಎರಡು ಕಡೆ ಸಿಕ್ಕಿತು. ಒಂದು ಕಡೆ ಪಾಸ್‌ವರ್ಡ್ ಕೂಡ ಸೋರಿದೆ ಅಂತ ಬರೆದಿತ್ತು. ಅಲ್ಲಿ ನಾನು ಹಾಕಿದ್ದದ್ದು ಸರ್ವೆ ನಂಬರಿನ ಅದೇ ಪಾಸ್‌ವರ್ಡ್. ಫೆಬ್ರವರಿಯ ಆ ಕೋಡ್‌ಗಳಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ನನ್ನ ಅನುಮಾನ.

ಹೊಸ ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧ ಇಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ. ಉದ್ದ ಇದ್ದಷ್ಟೂ ಗಟ್ಟಿ. ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು ಅನ್ನುವ ಹಳೇ ನಿಯಮವೂ ಈಗಿಲ್ಲ. ಸೋರಿದೆ ಅಂತ ಗೊತ್ತಾದರೆ ಬದಲಿಸಿ, ಸುಮ್ನೆ ಬದಲಿಸುತ್ತಾ ಇರಬೇಡಿ ಅಂತ ಮಾನದಂಡಗಳನ್ನು ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರಲ್ಲೇ ಹೇಳಿದೆ. ನನಗೆ ಅದು ಸರಿ ಅನ್ನಿಸುತ್ತದೆ. ಪದೇ ಪದೇ ಬದಲಿಸಿ ಅಂದರೆ ನಾವು ಕೊನೆಯ ಅಂಕಿಯೊಂದನ್ನು ಬದಲಿಸಿ ಮುಗಿಸುತ್ತೇವೆ.

ಖಾತೆ ಯಾವ ಯಾವ ಯಂತ್ರದಲ್ಲಿ ತೆರೆದಿದೆ ಅಂತ ಒಂದು ಪಟ್ಟಿ ಇರುತ್ತದೆ. ನೋಡಿದೆ. ನನ್ನ ಫೋನ್, ಲ್ಯಾಪ್‌ಟಾಪ್, ಇನ್ನೊಂದು ಟ್ಯಾಬ್ಲೆಟ್. ಫೋನಿನ ಎದುರು ಜಾಗ ಬೆಂಗಳೂರು ಅಂತ ಇತ್ತು. ಎದೆ ಧಸಕ್ ಅಂದಿತು. ನಾನು ತಿಂಗಳಿಂದ ಸೋಮವಾರಪೇಟೆ ದಾಟಿಲ್ಲ! ಮಗಳು ಸಮಾಧಾನ ಮಾಡಿದಳು. ಮೊಬೈಲ್ ನೆಟ್ ಕಂಪನಿಯ ದೊಡ್ಡ ಕೇಂದ್ರದ ಮೂಲಕ ಹೊರಗೆ ಹೋಗುತ್ತದೆ, ಆ ಕೇಂದ್ರ ಇರುವ ಊರನ್ನೇ ತೋರಿಸಿಬಿಡುತ್ತದೆ. ಊರಿನ ಹೆಸರಿಗಿಂತ ಯಂತ್ರದ ಹೆಸರು, ದಿನಾಂಕ ನೋಡಬೇಕು ಅಂದಳು.

ಟ್ಯಾಬ್ಲೆಟ್ ಮಾತ್ರ ನಿಜವಾದ ವಿಷಯ. 2020ರ ಲಾಕ್‌ಡೌನ್‌ನಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ತಂದದ್ದು ಅದು. ಆಗ ಮಕ್ಕಳೆಲ್ಲ ರೇಂಜ್ ಸಿಗುವ ದಿಬ್ಬ ಹುಡುಕಿಕೊಂಡು ಕೊಡೆ ಹಿಡಿದು ಕೂರುತ್ತಿದ್ದರು. ಅವಳ ಕೆಲಸ ಮುಗಿದ ಮೇಲೆ ಪಕ್ಕದ ಮನೆಯ ಮಗುವಿಗೆ ಕೊಟ್ಟಿದ್ದೆ. ಒಳ್ಳೆ ಮನಸ್ಸಿನಿಂದಲೇ ಕೊಟ್ಟೆ, ಆದರೆ ನನ್ನ ಖಾತೆಯ ಸಮೇತ ಕೊಟ್ಟಿದ್ದೆ. ಪಟ್ಟಿಯಿಂದಲೇ ಅದನ್ನು ಹೊರಗೆ ಹಾಕಿದೆ. ಸಂಜೆ ಅವರ ಮನೆಗೆ ಹೋಗಿ ಹೇಳಿ ಬಂದೆ, ಟ್ಯಾಬ್ಲೆಟ್ ಕೆಟ್ಟಿತು ಅಂತ ಮಗು ಹೆದರಬಾರದಲ್ಲ.

ಎರಡನೇ ಸಂಜೆ ಕಂಡದ್ದು ಎಲ್ಲಕ್ಕಿಂತ ಕಷ್ಟದ್ದು.

ಲ್ಯಾಪ್‌ಟಾಪಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ಗೆ ಹೋದರೆ 'ಫಾರ್ವರ್ಡಿಂಗ್' ಅಂತ ಒಂದು ಭಾಗ ಇದೆ. ಫೋನಿನ ಆ್ಯಪ್‌ನಲ್ಲಿ ಇದು ಇಲ್ಲ. ಅಲ್ಲಿ ಒಂದು ವಿಳಾಸ ಕೂತಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. 2012ರಲ್ಲಿ ನಾನು ಮಡಿಕೇರಿಯ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಆಫೀಸಿನ ಕಂಪ್ಯೂಟರಿನಲ್ಲಿ ಇಡೀ ದಿನ ಆಫೀಸಿನ ಮೇಲ್ ಮಾತ್ರ ತೆರೆದಿರುತ್ತಿತ್ತು. ತಮ್ಮ ಬರೆದದ್ದು ತಕ್ಷಣ ಕಾಣಲಿ ಅಂತ ನನಗೆ ಬರುವುದೆಲ್ಲ ಅಲ್ಲಿಗೂ ಒಂದು ಪ್ರತಿ ಹೋಗುವ ಹಾಗೆ ಮಾಡಿಟ್ಟಿದ್ದೆ. ಎರಡು ವರ್ಷಕ್ಕೆ ಕೆಲಸ ಬಿಟ್ಟೆ. ಈ ಸೆಟ್ಟಿಂಗ್ ಬಿಡಲಿಲ್ಲ.

ಅಂದಿನಿಂದ ನನಗೆ ಬಂದ ಪ್ರತಿಯೊಂದು ಪತ್ರದ ನಕಲು ಅಲ್ಲಿಗೆ ಹೋಗಿದೆ. ಬ್ಯಾಂಕ್ ಸ್ಟೇಟ್‌ಮೆಂಟ್. ಎಲ್‌ಐಸಿ ರಸೀದಿ. ಅಪ್ಪನ ಆಸ್ಪತ್ರೆಯ ರಿಪೋರ್ಟುಗಳು. ಅಪ್ಪ ತೀರಿಕೊಂಡಾಗ ತಮ್ಮ ಬರೆದ ಉದ್ದದ ಪತ್ರ. ಆ ಹೋಂಸ್ಟೇ ಈಗ ಬೇರೆಯವರ ಕೈಯಲ್ಲಿದೆ. ಆ ವಿಳಾಸವನ್ನು ಈಗ ಯಾರು ನೋಡುತ್ತಾರೋ, ಯಾರೂ ನೋಡುವುದಿಲ್ಲವೋ, ತಿಳಿಯುವ ದಾರಿ ನನಗಿಲ್ಲ.

ಲ್ಯಾಪ್‌ಟಾಪ್ ಮುಚ್ಚಿ ಜಗಲಿಗೆ ಬಂದು ಸುಮಾರು ಹೊತ್ತು ಕೂತೆ. ತಮ್ಮನ ಆ ಪತ್ರವನ್ನು ನಾನು ನನ್ನ ಗಂಡನಿಗೂ ತೋರಿಸಿರಲಿಲ್ಲ.

ಹಳೇ ಖಾತೆ ಇರುವವರು ಇದೊಂದನ್ನು ಇವತ್ತೇ ನೋಡಿ ಅಂತ ಕೈಮುಗಿದು ಕೇಳುತ್ತೇನೆ. ಪಾಸ್‌ವರ್ಡ್ ನೂರು ಸಲ ಬದಲಿಸಿದರೂ ಫಾರ್ವರ್ಡಿಂಗ್ ಹಾಗೇ ಇರುತ್ತದೆ. ಬಾಗಿಲಿಗೆ ಹೊಸ ಬೀಗ ಹಾಕಿದರೂ ಹಿತ್ತಿಲ ಪೈಪಿನಲ್ಲಿ ನೀರು ಹೊರಗೆ ಹೋಗುತ್ತಲೇ ಇರುತ್ತದಲ್ಲ, ಹಾಗೆ. ಅದರ ಪಕ್ಕದಲ್ಲೇ 'ಫಿಲ್ಟರ್' ಅಂತ ಇದೆ, ಯಾವ ಪತ್ರ ಎಲ್ಲಿಗೆ ಹೋಗಬೇಕು ಅಂತ ಹೇಳಿಡುವ ಜಾಗ. ಅದನ್ನೂ ನೋಡಬೇಕು. ಕಳ್ಳರು ಒಳಗೆ ಬಂದರೆ ಬ್ಯಾಂಕಿನ ಪತ್ರಗಳು ಮಾಲೀಕರ ಕಣ್ಣಿಗೆ ಬೀಳದ ಹಾಗೆ ಅಲ್ಲೊಂದು ಫಿಲ್ಟರ್ ಇಟ್ಟು ಹೋಗುವುದುಂಟು. ನನ್ನದರಲ್ಲಿ ಅಂಥದ್ದು ಇರಲಿಲ್ಲ. ಫಾರ್ವರ್ಡಿಂಗ್ ತೆಗೆದೆ. ಬ್ಯಾಂಕಿಗೆ ಹೋಗಿ ಖಾತೆಯ ಲೆಕ್ಕ ಒಮ್ಮೆ ಪೂರ್ತಿ ನೋಡಿಸಿಕೊಂಡು ಬಂದೆ. ಏನೂ ಆಗಿರಲಿಲ್ಲ.

ಅದೇ ರಾತ್ರಿ ಹಳೇ ಅಟ್ಯಾಚ್‌ಮೆಂಟುಗಳನ್ನೂ ಹುಡುಕಿದೆ. ಪ್ಯಾನ್ ಕಾರ್ಡಿನ ಫೋಟೋ ಆರು ಕಡೆ ಇತ್ತು. ಆಧಾರ್, ಚೆಕ್ಕಿನ ಹಾಳೆ, ಪಾಸ್‌ಪೋರ್ಟ್. ಯಾವತ್ತೋ ಯಾರಿಗೋ ಕಳಿಸಿದ್ದು. ಎಲ್ಲ ಅಳಿಸಿದೆ. ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಕೂತಿರುತ್ತದೆ, ಅಲ್ಲಿಂದಲೂ ತೆಗೆದೆ.

ಈ ಕೆಲಸದ ನಡುವೆಯೇ ಒಂದು ಮೇಲ್ ಬಂತು. 'ನಿಮ್ಮ ಸ್ಟೋರೇಜ್ ತುಂಬಿದೆ, 24 ಗಂಟೆಯಲ್ಲಿ ಖಾತೆ ಮುಚ್ಚುತ್ತೇವೆ, ಇಲ್ಲಿ ಒತ್ತಿ.' ನನ್ನ 15 ಜಿಬಿ ನಿಜವಾಗಿಯೂ ತುಂಬುತ್ತಾ ಬಂದಿತ್ತು, ಹಾಗಾಗಿ ನಂಬುವ ಹಾಗೇ ಇತ್ತು. ಬೆರಳು ಅದರ ಮೇಲೆ ಹೋಗಿತ್ತು. ಕಳಿಸಿದವರ ವಿಳಾಸ ಬಿಡಿಸಿ ನೋಡಿದರೆ ಗೂಗಲ್ ಹೆಸರೇ ಇಲ್ಲ, ಯಾವುದೋ ಗೊತ್ತಿಲ್ಲದ ಸೈಟ್. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಖಾತೆಯ ವಿಷಯ ಅಂತ ಏನೇ ಬಂದರೂ ಆ ಪತ್ರದಲ್ಲಿರುವ ಲಿಂಕ್ ಒತ್ತುವುದಿಲ್ಲ. ಮೈಅಕೌಂಟ್ ಡಾಟ್ ಗೂಗಲ್ ಡಾಟ್ ಕಾಮ್ ಅಂತ ನಾನೇ ಟೈಪ್ ಮಾಡಿ ಹೋಗಿ ನೋಡುತ್ತೇನೆ. ಅಪ್ಪಿತಪ್ಪಿ ಒತ್ತಿ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ.

ಮೂರನೇ ಸಂಜೆ ಎರಡು ಹಂತದ ಪರಿಶೀಲನೆ. ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಗುರುತು ಕೇಳುವುದು. ಎಲ್ಲರೂ ಎಸ್‌ಎಂಎಸ್ ಕೋಡ್ ಇಟ್ಟುಕೊಳ್ಳಿ ಅನ್ನುತ್ತಾರೆ. ನಮ್ಮ ಕಡೆ ಅದು ನಡೆಯುವುದಿಲ್ಲ. ಜುಲೈನಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಮನೆಯಲ್ಲಿ ಯುಪಿಎಸ್ ಮೇಲೆ ಫೈಬರ್ ನೆಟ್ ನಡೆಯುತ್ತಿರುತ್ತದೆ, ಆದರೆ ಫೋನಿಗೆ ರೇಂಜ್ ಇರುವುದಿಲ್ಲ. ನೆಟ್ ಇದ್ದೂ ಕೋಡ್ ಬಾರದೆ ಹೊರಗೆ ನಿಲ್ಲಬೇಕು.

ಕೋಡನ್ನು ಫೋನಿನಲ್ಲೇ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಇಲ್ಲಿಗೆ ಸರಿ. ಅದಕ್ಕೆ ರೇಂಜೂ ಬೇಡ, ನೆಟ್ಟೂ ಬೇಡ. ಮೊದಲ ಸಲ ಪರದೆಯ ಮೇಲಿನ ಚೌಕವನ್ನು ಸ್ಕ್ಯಾನ್ ಮಾಡಿದಾಗ ಗೂಗಲ್‌ಗೂ ಫೋನಿಗೂ ಒಂದೇ ಗುಟ್ಟು ಸಿಗುತ್ತದೆ. ಆ ಗುಟ್ಟಿಗೆ ಆ ಕ್ಷಣದ ಗಡಿಯಾರ ಸೇರಿಸಿ ಎರಡೂ ಕಡೆ ಲೆಕ್ಕ ಹಾಕಿದರೆ ಒಂದೇ ಆರಂಕಿ ಬರುತ್ತದೆ. 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನಿನ ಗಡಿಯಾರ ಸರಿ ಇದ್ದರೆ ಸಾಕು. ನಾನು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪರೀಕ್ಷೆ ಮಾಡಿದೆ. ಒಳಗೆ ಬಿಟ್ಟಿತು. ತುಂಬಾ ಖುಷಿಯಾಯಿತು.

ಫೋನೇ ಕಳೆದರೆ? ಅದಕ್ಕೆ ಬ್ಯಾಕಪ್ ಕೋಡ್‌ಗಳು. ಎಂಟಂಕಿಯ ಹತ್ತು ಕೋಡ್ ಕೊಡುತ್ತಾರೆ, ಒಂದೊಂದು ಒಂದೇ ಸಲ ನಡೆಯುತ್ತದೆ. ಅಂಗಡಿಗೆ ಹೋಗಿ ಪ್ರಿಂಟ್ ಹಾಕಿಸಬಾರದು, ಫೈಲ್ ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕೈಯಲ್ಲಿ ಬರೆದೆ. ಮೇಜಿನ ಮೇಲಿದ್ದ ಜೆಲ್ ಪೆನ್ನಿನಲ್ಲಿ ಬರೆದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ.

ಕೆಲವೇ ದಿನಕ್ಕೆ ಮಳೆ ಹಿಡಿಯಿತು. ಪೆಟ್ಟಿಗೆ ತೆಗೆದು ನೋಡಿದೆ. ಹಾಳೆ ಮೆತ್ತಗಾಗಿತ್ತು. ಮೂರನೇ ಸಾಲಿನ 8 ಹರಡಿ 0 ಥರ ಕಾಣುತ್ತಿತ್ತು. ನಾಲ್ಕನೇ ಸಾಲಿನ ಕೊನೆಯ ಎರಡು ಅಂಕಿ ನೀಲಿ ಮಚ್ಚೆ. ಇಲ್ಲಿ ಮಳೆಗಾಲದಲ್ಲಿ ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುತ್ತೇವೆ, ಕಾಗದ ಹೇಗೆ ಉಳಿಯುತ್ತದೆ? ಹಳೇ ಕೋಡ್‌ಗಳನ್ನು ರದ್ದು ಮಾಡಿ ಹೊಸ ಹತ್ತು ಪಡೆದೆ. ಹೊಸದು ಪಡೆದರೆ ಹಳೇವು ತಾವಾಗಿ ಸಾಯುತ್ತವೆ. ಈ ಸಲ ಪೆನ್ಸಿಲಿನಲ್ಲಿ ಒತ್ತಿ ಬರೆದೆ. ಅಪ್ಪ ಮಳೆ ಪುಸ್ತಕಕ್ಕೆ ಪೆನ್ಸಿಲನ್ನೇ ಬಳಸುತ್ತಿದ್ದರು, ನೀರು ತಾಗಿದರೂ ಹರಡುವುದಿಲ್ಲ ಅಂತ. ಒಲೆಯ ಹತ್ತಿರ ಹಾಳೆಯನ್ನು ಗರಿಗರಿಯಾಗಿ ಒಣಗಿಸಿದೆ. ಜಿಪ್ ಇರುವ ಕವರಿನಲ್ಲಿ ಹಾಕಿ, ಚಪ್ಪಲಿ ಡಬ್ಬದಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣ ಎರಡು ಇಟ್ಟೆ.

ಇನ್ನೊಂದು ಪ್ರತಿ ಮಗಳ ಹತ್ತಿರ ಮೈಸೂರಿನಲ್ಲಿದೆ. 2018ರಲ್ಲಿ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಪೆಟ್ಟಿಗೆ, ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲ ಮಣ್ಣಿನಡಿ ಹೋಯಿತು. ಒಂದೇ ಮನೆಯಲ್ಲಿ ಎಲ್ಲವನ್ನೂ ಇಡುವ ಧೈರ್ಯ ನನಗಿಲ್ಲ.

ಅಪ್ಪನ ಮಳೆಯ ಮೇಲ್‌ಗಳಿಗೆಲ್ಲ 'ಮಳೆ' ಅಂತ ಒಂದು ಲೇಬಲ್ ಹಾಕಿದೆ. ಖಾತೆಯಲ್ಲಿರುವುದರ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಆ ಲೇಬಲ್ ಒಂದನ್ನೇ ಆರಿಸಿ ಇಳಿಸಿಕೊಳ್ಳಬಹುದು. ಇಳಿಸಿ ಎರಡು ಪೆನ್‌ಡ್ರೈವಿಗೆ ಹಾಕಿದೆ, ಒಂದು ತಮ್ಮನಿಗೆ. ನಾನು ಇಲ್ಲವಾದರೆ ಖಾತೆ ಏನಾಗಬೇಕು ಅಂತಲೂ ಹೇಳಿಡಬಹುದು. 3, 6, 12 ಅಥವಾ 18 ತಿಂಗಳು ಖಾತೆ ಮುಟ್ಟದಿದ್ದರೆ ನಾವು ಹೇಳಿದವರಿಗೆ ಸುದ್ದಿ ಹೋಗುತ್ತದೆ. ಹತ್ತು ಜನರವರೆಗೆ ಹೆಸರಿಸಬಹುದು. ನಾನು 12 ತಿಂಗಳು ಇಟ್ಟು ತಮ್ಮನ ಮತ್ತು ಮಗಳ ಹೆಸರು ಕೊಟ್ಟೆ. ಅಮ್ಮ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. "ಅವರ ಲೆಕ್ಕ ಇದರೊಳಗೆ ಇದೆಯಾ? ಒಂದು ಓದು" ಅಂದರು. 2009ರ ಒಂದು ವಾರದ್ದು ಓದಿದೆ. "ಆ ವರ್ಷ ಕೊಟ್ಟಿಗೆಯ ಹೆಂಚು ಹಾರಿತ್ತು" ಅಂದರು. ನೋಡಿದರೆ ಅಪ್ಪ ಬರೆದಿದ್ದರು, ಮುಂದಿನ ಸಾಲಿನಲ್ಲೇ.

ನಂಬರ್ ಬದಲಿಸಿದ ಎಂಟನೇ ದಿನ ರೈಟರ್ ಹೇಳಿದ ಹಾಗೆ ಫೋನ್ ಮಾಡಿದರು.

"ಅಕ್ಕ, ಒಂದು ಸಲ ಕೋಡ್ ಬಂದಿತ್ತು, ಶುಕ್ರವಾರ ರಾತ್ರಿ. ಯಾರಿಗೂ ಹೇಳಿಲ್ಲ, ಅಳಿಸಿಬಿಟ್ಟೆ. ಆಮೇಲೆ ಬಂದಿಲ್ಲ."

ಶುಕ್ರವಾರ ರಾತ್ರಿ ನಾನು ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ.

ಎಷ್ಟು ಸಲ ಥ್ಯಾಂಕ್ಸ್ ಹೇಳಿದೆನೋ ನೆನಪಿಲ್ಲ. ಸೋಮವಾರಪೇಟೆ ಕಡೆ ಬಂದರೆ ಮನೆಗೆ ಬನ್ನಿ ಅಂದೆ. "ಬರ್ತೇನೆ ಅಕ್ಕ. ನಿಮ್ಮಲ್ಲಿ ಮಳೆ ಹೇಗಿದೆ? ನಮ್ಮಲ್ಲಿ ನಿನ್ನೆ 85 ಸೆಂಟ್ ಅಷ್ಟೇ" ಅಂದರು.

ಬೆಳಗ್ಗೆ ಎಂಟಕ್ಕೆ ನೋಡಿ ಬರೆದಿಟ್ಟಿದ್ದೆ. "3 ಇಂಚು 20" ಅಂದೆ.